ತಾಯಿ ಫೈಲಿನ ಕಾಕ

ಅವರ ಹೆಬ್ಬೆರಳ ಉಗುರು ನಡುವೆ ಸೀಳಿ ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಬಲಗೈಯದು ಎಂದು ನನ್ನ ನೆನಪು. ಆದರೆ ಅವರು ಎಡಗೈಯಲ್ಲಿ ಮೌಸ್ ಹಿಡಿಯುತ್ತಿದ್ದರು, ಸೀಳಿದ ಉಗುರು ಅದಕ್ಕೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು ಎಂದೂ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಉಗುರಿನ ಕತೆಯೇ ಹೀಗಾದರೆ, ಚೀಫ್ ಎಂಜಿನಿಯರರ ಎದುರು ಅವರು ಆ ದಿನ ಏನು ಹೇಳಿದರು ಎಂಬುದರಲ್ಲಿ ನನ್ನ ಮಾತನ್ನು ಎಷ್ಟು ನಂಬಬಹುದು? ಎಂಟು ವರ್ಷಗಳಿಂದ ಅದನ್ನು ಒಂದಕ್ಷರ ತಪ್ಪದೆ ಒಂದೇ ರೀತಿ ಹೇಳುತ್ತಾ ಬಂದಿದ್ದೇನೆ. ಅನುಮಾನಕ್ಕೆ ಅದೇ ಕಾರಣ.

ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಮಂಡೆಕೋಲು ಕಡೆಯ ಬ್ಯಾರಿ ಮುಸ್ಲಿಮರು. ಇಪ್ಪತ್ತು ವರ್ಷ ಗಲ್ಫಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ನಕ್ಷೆ ಜೋಡಿಸಿ ಊರಿಗೆ ಮರಳಿದ್ದರು. ಪುತ್ತೂರಿನಲ್ಲಿ ಏಳುತ್ತಿದ್ದ ಒಂದು ಆಸ್ಪತ್ರೆಯ ಕೆಲಸ ಸಿಕ್ಕಾಗ, "ಇನ್ನು ವಿಮಾನ ಹತ್ತುದಿಲ್ಲ ಮಾರಾಯ್ರೆ, ಬಸ್ಸೇ ಸಾಕು" ಎಂದಿದ್ದರಂತೆ. ನಾನು ಆಗಷ್ಟೇ ಎಂ.ಟೆಕ್. ಮುಗಿಸಿ ಅವರ ಕೈಕೆಳಗೆ ಸೇರಿದವನು. ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಎರಡು ಕಂಪ್ಯೂಟರು, ನಾವಿಬ್ಬರು.

ಈಗ ದೊಡ್ಡ ಕಟ್ಟಡಗಳನ್ನು ಮೊದಲು ಕಂಪ್ಯೂಟರಿನೊಳಗೇ ಪೂರ್ತಿ ಕಟ್ಟುತ್ತಾರೆ. ಗೋಡೆ, ಬಾಗಿಲುಗಳ ಮಾಡೆಲ್ ಒಬ್ಬರದು. ಕಂಬ, ಬೀಮುಗಳದ್ದು ಸುಳ್ಯದ ಒಬ್ಬರದು. ನೀರಿನ ಪೈಪುಗಳದ್ದನ್ನು ಕಡಬದ ತನ್ನ ಮನೆಯಲ್ಲೇ ಕೂತು ಒಬ್ಬ ಹುಡುಗಿ ಮಾಡುತ್ತಿದ್ದಳು. ಅವೆಲ್ಲವನ್ನೂ ಲಿಂಕ್ ಮಾಡಿ ಒಂದರ ಮೇಲೊಂದು ಕೂರಿಸುವ ಫೈಲು ನಮ್ಮಲ್ಲಿತ್ತು. ಕಾಕ ಅದನ್ನು ತಾಯಿ ಫೈಲು ಎನ್ನುತ್ತಿದ್ದರು. ಪೈಪು ಬೀಮಿಗೆ ಹೊಡೆದರೆ ಅದರಲ್ಲಿ ಕಾಣುತ್ತದೆ. ಕಂಡರೂ ನಾವು ಕೈ ಹಾಕುವಂತಿರಲಿಲ್ಲ. ಅದು ಅವರ ಕಾನೂನು. ಕೂಡಲೇ ಕಡಬಕ್ಕೆ ಫೋನು:

"ನಿನ್ನ ಪೈಪು ನಮ್ಮ ಬೀಮಿನ ಹೊಟ್ಟೆಯೊಳಗೆ ಮಲಗಿ ಉಂಟು. ಸ್ವಲ್ಪ ಎಬ್ಬಿಸು ಮಾರಾಯ್ತಿ."

"ನಾವೇ ಸರಿಸಿದರೆ ಎರಡು ನಿಮಿಷದ ಕೆಲಸ ಅಲ್ವಾ ಕಾಕ?" ಎಂದು ನಾನು ಕೇಳಿದ್ದೆ.

"ಅವಳ ಪೈಪು ಅವಳೇ ಸರಿಸ್ಬೇಕು. ನೀವು ಸರಿಸಿದ್ರೆ ಅವಳಿಗೆ ಗೊತ್ತಾಗುದು ಹೇಗೆ? ಡಿಗ್ರಿಯಲ್ಲಿ ಇದನ್ನೆಲ್ಲ ಹೇಳಿಕೊಡುದಿಲ್ವಾ?"

ಸೇರಿದ ಮೊದಲ ದಿನವೇ ಅವರು ನನ್ನನ್ನು ಗೇಟಿನ ಪಕ್ಕದ ಒಂದು ಕಾಂಕ್ರೀಟ್ ಗೂಟದ ಹತ್ತಿರ ಕರೆದೊಯ್ದಿದ್ದರು. ಅದರ ನೆತ್ತಿಯಲ್ಲಿ ಒಂದು ಹಿತ್ತಾಳೆ ಮೊಳೆ. "ಮುಟ್ಟಿ ನೋಡಿ. ನಮ್ಮೆಲ್ಲರ ಅಳತೆಯ ಸೊನ್ನೆ ಇದು. ಸುಳ್ಯದ್ದೂ ಇಲ್ಲಿಂದಲೇ, ಕಡಬದ್ದೂ ಇಲ್ಲಿಂದಲೇ. ಇದು ಅಲುಗಿದ್ರೆ ಆಸ್ಪತ್ರೆಯೇ ಅಲುಗಿದ ಹಾಗೆ." ಮೊಳೆ ಬಿಸಿಲಿಗೆ ಕಾದು ಸುಡುತ್ತಿತ್ತು. ಪೂಜೆ ಮಾಡಿಸುವ ಹಾಗೆ ಮುಟ್ಟಿಸುತ್ತಾರಲ್ಲ ಎಂದು ಒಳಗೊಳಗೇ ನಕ್ಕಿದ್ದೆ.

ತಾಯಿ ಫೈಲಿನಲ್ಲಿ ಏನು ಮಾಡಿದರೂ ಉಳಿಸುವಾಗ ಎರಡು ಮಾತು ಬರೆಯಬೇಕೆಂಬುದು ಇನ್ನೊಂದು ಕಾನೂನು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅದರ ಚರಿತ್ರೆಯಲ್ಲಿ ಸೇರಿಕೊಳ್ಳುತ್ತಿತ್ತು. ಶುಕ್ರವಾರ ಮಾತ್ರ ಹನ್ನೆರಡೂವರೆಗೆ ತಮ್ಮ ಕಂಪ್ಯೂಟರಿಗೆ ಬೀಗ ಹಾಕಿ ಜುಮಾ ನಮಾಜಿಗೆ ಹೊರಟರೆ ಕಾಕ ಬರುವುದು ಎರಡರ ಮೇಲೆಯೇ. ಬರುವಾಗ ಕೈಯಲ್ಲಿ ಬಿಸಿ ಗೋಳಿಬಜೆಯ ಪೊಟ್ಟಣ.

ಆಮೇಲೆ ಆ ತಪ್ಪು ನಡೆಯಿತು. ಗೋಡೆಗಳ ಮಾಡೆಲಿನಲ್ಲಿ ಎರಡನೆಯ ಮಹಡಿಯ ಒಂದು ಬಚ್ಚಲಿನ ಗೋಡೆ ಒಂಬತ್ತು ಇಂಚು ಪಕ್ಕಕ್ಕೆ ಹೋಗಿತ್ತು. ಪೈಪಿನ ಮಾಡೆಲಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಕಡಬಕ್ಕೆ ಒಂದು ಫೋನು ಮಾಡುವ ಬದಲು ನಮ್ಮ ಶೆಡ್ಡಿನಲ್ಲೇ ಯಾರೋ ಆ ಮಹಡಿಯ ಪೈಪಿನ ಇಡೀ ಲಿಂಕನ್ನು, ಅಂದರೆ ತಾಯಿ ಫೈಲಿಗೆ ಜೋಡಿಸಿದ್ದ ಮಾಡೆಲನ್ನೇ ಒಟ್ಟಾಗಿ, ಒಂಬತ್ತು ಇಂಚು ಎಳೆದಿದ್ದರು. ಆ ಒಂದು ಬಚ್ಚಲು ಸರಿಯಾಗಿ ಕೂತಿತು. ಆ ಮಹಡಿಯ ಉಳಿದ ಬಚ್ಚಲುಗಳೆಲ್ಲ ತಪ್ಪಿದವು. ಅದೇ ನಕ್ಷೆ ನೋಡಿ ಪೈಪಿಗೆ ಜಾಗ ಬಿಟ್ಟು ಸ್ಲ್ಯಾಬ್ ಹಾಕಿಯೂ ಆಯಿತು. ತೂತುಗಳು ಇರಬೇಕಾದಲ್ಲಿ ಇರಲಿಲ್ಲ. ಗಟ್ಟಿಯಾದ ಕಾಂಕ್ರೀಟನ್ನು ಮತ್ತೆ ಕೊರೆಯಬೇಕಾಯಿತು.

ಚೀಫ್ ಎಂಜಿನಿಯರ್ ಶೆಡ್ಡಿಗೆ ನುಗ್ಗಿ, "ಎಂತ ಮಾರಾಯ್ರೆ ಇದು? ಲಿಂಕ್ ಎಳೆದದ್ದು ಯಾರು?" ಎಂದು ಕೂಗಿದರು.

ಕಾಕ ಎದ್ದು ನಿಂತರು. "ತಾಯಿ ಫೈಲು ನನ್ನದು" ಎಂದರು. ಇಷ್ಟು ಖಂಡಿತ. "ನಾನೇ ಎಳೆದದ್ದು" ಎಂದೂ ಸೇರಿಸಿದರು. ಇದು ಖಂಡಿತವೇ, ಅಥವಾ ನನಗೆ ಬೇಕಾಗಿದ್ದುದರಿಂದ ಆಮೇಲೆ ಕೇಳಿಸಿದ್ದೇ, ಹೇಳಲಾರೆ. ನಾನು ಕೀಬೋರ್ಡಿನ ಮೇಲೆ ಬಿದ್ದಿದ್ದ ಗೋಳಿಬಜೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದೆ. ಅದು ನೆನಪಿದೆ.

ಅವರ ಕೆಲಸ ಹೋಯಿತು. ಅವರ ಕುರ್ಚಿ ನನಗೆ ಬಂತು. ಹೊರಡುವ ದಿನ ತಿಂಡಿ ಡಬ್ಬ ಚೀಲಕ್ಕೆ ಹಾಕಿಕೊಳ್ಳುತ್ತಾ, "ತಾಯಿ ಫೈಲಿನ ಚರಿತ್ರೆ ಅಳಿಸ್ಬೇಡಿ ಆಯ್ತಾ? ಪುರುಸೊತ್ತು ಇದ್ದಾಗ ಒಮ್ಮೆ ಓದಿ" ಎಂದರು. ಸಿಟ್ಟಿರಲಿಲ್ಲ. ಊರಲ್ಲಿ ಆ ಥರದ ಕೆಲಸ ಮತ್ತೆ ಸಿಗಲಿಲ್ಲ. ಎರಡು ತಿಂಗಳಲ್ಲಿ, ಇನ್ನು ಹತ್ತುವುದಿಲ್ಲ ಎಂದಿದ್ದ ವಿಮಾನ ಹತ್ತಿದರು.

ನಾನು ಓದಲಿಲ್ಲ. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಪ್ರತಿ ವರ್ಷ ಹೊಸ ತರಗತಿಗೆ ಇದನ್ನೇ ಉದಾಹರಣೆ ಕೊಟ್ಟೆ: ಇಪ್ಪತ್ತು ವರ್ಷದ ಅನುಭವವಿದ್ದವರು ಕೂಡ ಆತುರದಲ್ಲಿ ಒಂದು ಲಿಂಕ್ ಎಳೆದು ಇಡೀ ಮಹಡಿ ಕೆಡಿಸಿದರು ನೋಡಿ, ಎಂದು. ವಿದ್ಯಾರ್ಥಿಗಳು ಬರೆದುಕೊಂಡರು. ಹೇಳಿ ಹೇಳಿ ನಾನೂ ನಂಬಿದ್ದೆ. ಅವರು ಎಡಗೈಯಲ್ಲಿ ಮೌಸ್ ಹಿಡಿದು ಲಿಂಕ್ ಎಳೆಯುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಹೋದ ವರ್ಷ ಅವರು ಅಲ್ಲೇ, ಗಲ್ಫಿನಲ್ಲೇ ತೀರಿಕೊಂಡರು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಕಡಬದ ಆ ಹುಡುಗಿ ಹೇಳಿದಳು. "ಫೋನು ಮಾಡಿದಾಗೆಲ್ಲ ನಿಮ್ಮನ್ನು ಕೇಳ್ತಿದ್ರು ಸರ್. ಅವರಿಗೆ ಪುರುಸೊತ್ತು ಆಯ್ತಾ ಅಂತ." ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಒಂದು ವಾಕ್ಯವೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಕೊನೆಗೆ ಆಸ್ಪತ್ರೆ ಕಟ್ಟಿದ ಆ ಹಳೆಯ ಕಂಪೆನಿಯ ಆಫೀಸಿಗೆ ಹೋಗಿ, ತಾಯಿ ಫೈಲು ತೆರೆಸಿ, ಅದರ ಚರಿತ್ರೆ ಓದಿದೆ. ಉಗುರು ಯಾವ ಕೈಯದೆಂದು ಈಗಲೂ ತಿಳಿಯದು. ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇಷ್ಟೇ: ಪೈಪಿನ ಲಿಂಕ್ ಒಂಬತ್ತು ಇಂಚು ಸರಿದದ್ದು ಒಂದು ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಎದುರಿಗೆ ನನ್ನ ಹೆಸರಿದೆ. ಪಕ್ಕದಲ್ಲಿ ಎರಡು ಮಾತು, ನಾನೇ ಬರೆದದ್ದು: "ಬಚ್ಚಲು ಸರಿಮಾಡಿದೆ."