ತಾರಸಿಯ ಮೇಲೆ ಬಿಟ್ಟ ಕಂಬಿ

ಕಬ್ಬಿಣದ ಕಂಬಿಯನ್ನು ಬರಿಗೈಯಲ್ಲಿ ಮುರಿದವರನ್ನು ನೀವು ನೋಡಿದ್ದೀರಾ? ಕಳೆದ ಬೇಸಿಗೆಯಲ್ಲಿ ನಾನು ಮುರಿದೆ.

ಜಿಮ್‌ಗೆ ಹೋಗುವ ವಯಸ್ಸು ನನ್ನದಲ್ಲ. ತೋಳಿನಲ್ಲಿ ಹೇಳಿಕೊಳ್ಳುವಂಥ ಬಲವೂ ಇಲ್ಲ. ಶಿರಾ ಗೇಟ್ ಹತ್ತಿರ ನನ್ನ ಷಡ್ಡಕನ ಮನೆಯ ತಾರಸಿಯಲ್ಲಿ, ಪಿಲ್ಲರ್‌ನಿಂದ ಮೇಲಕ್ಕೆ ಬಿಟ್ಟಿದ್ದ ಕಂಬಿಯೊಂದನ್ನು ಹಿಡಿದು ಸುಮ್ಮನೆ ಬಗ್ಗಿಸಿದೆ. ಲಟಕ್ ಎಂದಿತು. ತುದಿ ನನ್ನ ಕೈಯಲ್ಲೇ ಉಳಿಯಿತು. ಅಂಗೈ ತುಂಬ ಕೆಂಪು ಪುಡಿ.

ಮೊದಲಿನಿಂದ ಹೇಳುತ್ತೇನೆ.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿ ಪಂಕಜಳ ಗಂಡ, ರೇಣುಕಪ್ಪ. (ಹೆಸರುಗಳನ್ನು ಬದಲಾಯಿಸಿದ್ದೇನೆ. ಮನೆಯನ್ನು ಬದಲಾಯಿಸಿಲ್ಲ.) ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬರುವ ವರ್ಷ ರಿಟೈರ್ಡ್. ಪೆನ್ಷನ್ ಅಂತ ಬರುವುದು ಗ್ಯಾಸ್ ಸಿಲಿಂಡರಿಗೂ ಕರೆಂಟ್ ಬಿಲ್ಲಿಗೂ ಸರಿಹೋದರೆ ಪುಣ್ಯ. ಇದು ಅವನಿಗೆ ಮನೆ ಕಟ್ಟಿಸುವಾಗಲೇ ಗೊತ್ತಿತ್ತು. ಅದಕ್ಕೇ ಪ್ಲಾನ್ ಮಾಡಿದ್ದ. ಈಗ ಕೆಳಗಿನ ಮನೆ. ಸರ್ವಿಸ್ಸಿನ ಕೊನೆಯ ವರ್ಷ ಪಿಎಫ್ ದುಡ್ಡು ತೆಗೆದು ಮೇಲೆ ಎರಡು ಪೋರ್ಷನ್. ಆ ಬಾಡಿಗೆಯಲ್ಲಿ ಗಂಡ ಹೆಂಡತಿಯ ಜೀವನ.

ಹಾಗೆ ಪ್ಲಾನ್ ಮಾಡಿದವರು ಏನು ಮಾಡುತ್ತಾರೆ? ಪಿಲ್ಲರ್ ಕಂಬಿಯನ್ನು ಕತ್ತರಿಸದೆ ತಾರಸಿಯ ಮೇಲಕ್ಕೆ ಆಳುದ್ದ ಬಿಟ್ಟಿರುತ್ತಾರೆ. ಮುಂದೆ ಮೇಲೆ ಕಟ್ಟುವಾಗ ಅಲ್ಲಿಂದಲೇ ಮುಂದುವರಿಸಬಹುದಲ್ಲ ಅಂತ.

ನಮ್ಮಲ್ಲಿ ಯಾರು ಬಿಟ್ಟಿಲ್ಲ ಹೇಳಿ? ಗುಬ್ಬಿ ಕಡೆಯಿಂದ ನಮ್ಮ ಊರಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡಿ. ಒಂದೊಂದು ಮನೆಯ ತಲೆ ಮೇಲೂ ನಾಲ್ಕು ಮೂಲೆಗೆ ಕಂಬಿಯ ಜುಟ್ಟು. ‘ಮುಂದೆ ಮಗನಿಗೆ’, ‘ಮುಂದೆ ಬಾಡಿಗೆಗೆ’, ‘ಮುಂದೆ ನೋಡೋಣ’. ಆ ಮುಂದೆ ಬರುವವರೆಗೆ ಆ ಕಂಬಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುತ್ತೇವೆ. ದೃಷ್ಟಿಗೊಂಬೆ ನೇತುಹಾಕುತ್ತೇವೆ. ಡಿಶ್ ವೈರು ಸುತ್ತುತ್ತೇವೆ. ಪಕ್ಕದಲ್ಲೇ ಇರುವ ಟ್ಯಾಂಕ್ ಉಕ್ಕಿ ಹರಿದರೆ ನೀರು ಅದರ ಬುಡದಲ್ಲೇ ನಿಲ್ಲುತ್ತದೆ. ಮಳೆ, ಬಿಸಿಲು, ಮಂಜು ಎಲ್ಲ ಅದರ ಮೇಲೇ. ಒಂದು ಕೋಟ್ ಸಿಮೆಂಟ್ ಹಾಲಾದರೂ ಬಳಿದವರನ್ನು ನಾನು ಕಂಡಿಲ್ಲ. ಗೇಟಿಗೆ ಮಾತ್ರ ಪ್ರತಿ ವರ್ಷ ಪೇಂಟ್.

ರೇಣುಕಪ್ಪ ಫೋನ್ ಮಾಡಿದ. ‘ಅಣ್ಣ, ಭಾನುವಾರ ಮೇಸ್ತ್ರಿ ಬರ್ತಾವ್ನೆ. ನೀವು ಬಂದು ಕೂತ್ಕೊಂಡ್ರೆ ಸಾಕು, ರೇಟು ತಾನಾಗಿ ಇಳೀತದೆ.’

ನನ್ನ ಕಸುಬು ನಿಮಗೆ ಗೊತ್ತಿರುವುದೇ. ಕೊತ್ತಗೆರೆಯಿಂದ ಬರಿಗೈಯಲ್ಲಿ ಬಂದವನು. ಕೆಡವುವ ಮನೆಗಳ ಬಾಗಿಲು, ಕಿಟಕಿ, ತೊಲೆ, ಕಬ್ಬಿಣ ಕೊಂಡು ಮಾರಿ ಮೇಲೆ ಬಂದೆ. ಮಾತು ನನ್ನ ಬಂಡವಾಳ. ನೆಂಟರಲ್ಲಿ ಯಾರು ಏನು ಕೊಳ್ಳುವುದಿದ್ದರೂ, ಸೀರೆಯಿಂದ ಸೈಟಿನವರೆಗೆ, ನನ್ನನ್ನು ಕರೆಯುತ್ತಾರೆ. ನನಗೂ ಅದು ಇಷ್ಟವೇ.

ಮೇಸ್ತ್ರಿ ಗಂಗಣ್ಣ ಗುಬ್ಬಿಯವನು. ಬಂದವನೇ ರೇಟು ಶುರು ಮಾಡಿದ. ನಾನು ತಡೆದೆ. ‘ಮೊದ್ಲು ಕಾಫಿ ಕುಡಿ ಗಂಗಣ್ಣ.’ (ಇದನ್ನು ಬರೆದಿಟ್ಟುಕೊಳ್ಳಿ. ಕಾಫಿ ಬರುವವರೆಗೆ ರೇಟು ಮಾತಾಡಬೇಡಿ. ನಿಮ್ಮ ಕಾಫಿ ಕುಡಿದವನು ಎದ್ದುಹೋಗಲು ಸಂಕೋಚಪಡುತ್ತಾನೆ.)

‘ಚದರಕ್ಕೆ ನಾನು ಹೇಳಿದ್ರಾಗೆ ನಂಗೇನೂ ಉಳಿಯಲ್ಲ ಸಾರ್.’

‘ಏನೂ ಉಳಿಯದ ಕೆಲ್ಸಕ್ಕೆ ಗುಬ್ಬಿಯಿಂದ ಪೆಟ್ರೋಲ್ ಸುಟ್ಕೊಂಡು ಬಂದ್ಯಾ?’

‘ನೀವ್ ಹಿಂಗಂದ್ರೆ ಹೆಂಗೆ ಸಾರ್. ಸೆಂಟ್ರಿಂಗ್‌ನೋರು ಈಗ ನಾನ್ ಹೇಳಿದ್ ಮಾತು ಕೇಳ್ತಾರಾ? ಅವ್ರ ಮಾತೇ ನಾನ್ ಕೇಳ್ಬೇಕು.’

‘ನೀನು ಅವ್ರ ಮಾತು ಕೇಳು, ನನ್ನ ಮಾತೂ ಕೇಳು. ಕಿವಿ ಎರಡು ಐತಲ್ಲ.’

ಅಡುಗೆಮನೆಯಿಂದ ಪಂಕಜ ನಕ್ಕಳು. ಗಂಗಣ್ಣನೂ ನಕ್ಕ. ನಗಿಸಿದಿರೋ, ಅರ್ಧ ರೇಟು ಇಳಿದ ಹಾಗೆ. ಇನ್ನರ್ಧಕ್ಕೆ ನಾನು ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಬೇಕಾಯಿತು. ಕೊನೆಗೆ ಅವನೇ ಕರೆದ. ರೇಟು ಕೂತಿತು. ರೇಣುಕಪ್ಪನ ಮುಖ ನೋಡಬೇಕಿತ್ತು. ಆ ಮುಖದಲ್ಲಿ ಆಗಲೇ ಬಾಡಿಗೆ ಬಂದುಬಿಟ್ಟಿತ್ತು.

‘ನಡೀರಿ, ಒಂದ್ಸಲ ಅಳತೆ ನೋಡ್ಬಿಡಾನ’ ಎಂದ ಗಂಗಣ್ಣ. ತಾರಸಿಗೆ ಹೋದೆವು.

ಕಬ್ಬಿಣ ಕಂಡರೆ ಮುಟ್ಟಿ ನೋಡುವುದು ನನ್ನ ಅಭ್ಯಾಸ. ಗುಜರಿ ಕೊಳ್ಳುವವನಿಗೆ ಕೈಯೇ ತಕ್ಕಡಿ. ಪಂಕಜಳ ಸೀರೆಗಳನ್ನು ಪಕ್ಕಕ್ಕೆ ಸರಿಸಿ ಮೂಲೆಯ ಕಂಬಿ ಹಿಡಿದೆ. ಆಮೇಲಾದದ್ದು ಹೇಳಿದ್ದೇನೆ.

‘ಅದು ತುದಿ ಬುಡಿ ಸಾರ್’ ಎಂದ ಗಂಗಣ್ಣ. ‘ತುದಿ ಹಂಗೇ ಇರ್ತದೆ. ಬುಡ ಗಟ್ಟಿ. ವೈರ್ ಬ್ರಷ್ ಹಾಕಿ ಉಜ್ಜಿದ್ರೆ ಹೊಸಾ ಕಂಬಿ.’

ಕೆಳಗಿನಿಂದ ಸುತ್ತಿಗೆ ತರಿಸಿ ಬುಡಕ್ಕೆ ಬಡಿದೆ. ತುಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟಿತು. ಸುತ್ತಲಿನ ಕಾಂಕ್ರೀಟ್ ಚೂರೂ ಅದರ ಜೊತೆಗೇ ಬಂತು. ಒಳಗೂ ಕೆಂಪು.

‘ಕೆಳಗೆ ಈ ಪಿಲ್ಲರ್ ಎಲ್ಲಿ ಬರ್ತದೆ?’ ಎಂದೆ.

‘ಮಲಗೋ ರೂಮಲ್ಲಿ’ ಎಂದ ರೇಣುಕಪ್ಪ.

‘ಅಲ್ಲಿ ಬೀರು ಐತೆ ಭಾವ’ ಎಂದಳು ನಮ್ಮ ಹಿಂದೆಯೇ ಮೇಲೆ ಬಂದಿದ್ದ ಪಂಕಜ, ಬೇಗನೆ. ‘ಸರಿಸೋಕಾಗಲ್ಲ.’

ಸರಿಸಿದೆವು. ಮೂರು ಜನ ಗಂಡಸರು ಸೇರಿದರೆ ಯಾವ ಬೀರು ಸರಿಯುವುದಿಲ್ಲ? ಹಿಂದೆ ಪಿಲ್ಲರ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದು ಬಿರುಕು. ತಾರಸಿಯ ಮೋಲ್ಡ್‌ನಿಂದ ನೆಲದ ಹತ್ತಿರದವರೆಗೆ. ಅದರೊಳಗೆ ಬಿಳಿ ಪುಟ್ಟಿ. ಪುಟ್ಟಿಯ ನಡುವೆ ಮತ್ತೆ ಬಿರುಕು.

‘ಪೇಂಟ್ ಮಾಡಿಸ್ದಾಗ ತುಂಬ್ಸಿದ್ವಿ ಭಾವ. ಮತ್ತೆ ಬಿಡ್ತು.’ ಅವಳ ದನಿ ಸಣ್ಣಗಾಗಿತ್ತು. ಮಂಚ ಆ ಕೋಣೆಯಲ್ಲಿರಲಿಲ್ಲ. ಹಾಲಿಗೆ ಬಂದಿತ್ತು.

ಓದುಗರೇ, ಒಂದು ಮಾತು. ಗೋಡೆಯ ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಪಿಲ್ಲರ್‌ನಲ್ಲಿ, ಒಳಗೆ ಕಂಬಿ ಇರುವ ಕಡೆ, ಉದ್ದಕ್ಕೆ ಗೆರೆ ಬಿಟ್ಟರೆ ಕೆಡಿಸಿಕೊಳ್ಳಿ. ಕಂಬಿ ತುಕ್ಕು ಹಿಡಿದರೆ ಊದುತ್ತದೆ. ಊದಿದ್ದು ಕಾಂಕ್ರೀಟನ್ನು ಒಳಗಿನಿಂದ ಒಡೆದು ಹೊರಗೆ ತಳ್ಳುತ್ತದೆ. ಪುಟ್ಟಿ ಹಾಕುವುದೆಂದರೆ ಊದಿದ ಕಾಲಿಗೆ ಸಾಕ್ಸ್ ಹಾಕಿ ಮುಚ್ಚಿದ ಹಾಗೆ. ಕಾಲು ಯಾರದು? ಮನೆಯದು.

ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಒಂದೊಂದು ಪಿಲ್ಲರನ್ನೂ ಬಡಿದು, ಕೆರೆದು, ಫೋಟೊ ತೆಗೆದರು. ಕಾರಣ ಇಂಥದ್ದೇ ಎಂದು ಅವರು ಹೇಳಲಿಲ್ಲ. ಕಾಂಕ್ರೀಟ್ ಕಲೆಸಿದ್ದು ಬೋರ್‌ವೆಲ್‌ನ ಉಪ್ಪು ನೀರಿನಲ್ಲಿರಬಹುದು. ಕಂಬಿಯ ಹೊರಗೆ ಕಾಂಕ್ರೀಟ್ ಪದರ ತೆಳುವಾಗಿರಬಹುದು. ಹಾಕಿದ ಕಾಂಕ್ರೀಟಿಗೆ ದಿನಾ ಸರಿಯಾಗಿ ನೀರು ಹೊಡೆಯದೆ ಇದ್ದಿರಬಹುದು. ಇಷ್ಟು ವರ್ಷ ಬಯಲಿಗೆ ಬಿಟ್ಟ ಕಂಬಿಯ ಬುಡದಿಂದ ನೀರು ಇಳಿದಿದ್ದಂತೂ ಖಂಡಿತ. ಆಮೇಲೆ ಹೇಳಿದರು: ಮೇಲೆ ಕಟ್ಟುವುದನ್ನು ಮರೆತುಬಿಡಿ. ಕೆಳಗಿನದನ್ನು ಉಳಿಸಿಕೊಳ್ಳಬೇಕಾದರೆ ಪಿಲ್ಲರ್‌ಗಳ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹೊದಿಸಬೇಕು. ಅದಕ್ಕೆ ಬೇಕಾಗುವ ಖರ್ಚು? ಹೆಚ್ಚುಕಡಿಮೆ ರೇಣುಕಪ್ಪನ ಪಿಎಫ್ ಅಷ್ಟೂ.

‘ಫೀಸ್ ಕೊಟ್ಟು ಬ್ಯಾಡ ಅನ್ನಿಸ್ಕೊಂಡಂಗಾಯ್ತು’ ಎಂದ ರೇಣುಕಪ್ಪ. ಅವನು ತಮಾಷೆಗೆ ಹೇಳಿದ್ದಲ್ಲ.

ನಾನು ಎಷ್ಟೋ ಮನೆಗಳನ್ನು ಕೆಡವಿಸಿದವನು. ಹಳೆಯದೆಲ್ಲ ಚಿನ್ನ ಎನ್ನುವವನಲ್ಲ. ಒಂದು ಜೋರು ಮಳೆಗೆ ಮಣ್ಣಿನ ಗೋಡೆ ಕೂತದ್ದನ್ನು ಕಂಡಿದ್ದೇನೆ. ಆದರೂ ಗುಬ್ಬಿಯಲ್ಲೊಂದು ಹಳೇ ಮನೆ ಕೆಡವುವಾಗ ಕಲ್ಲು ಗಾರೆಯ ಗೋಡೆಗೆ ಹಾರೆ ಹಾಕಿ ಹಾಕಿ ಆಳುಗಳು ನನಗೇ ಬೈದರು. ಅದರ ಬಾಗಿಲು ಈಗ ಇನ್ನೊಂದು ಮನೆಗೆ ಬಾಗಿಲಾಗಿದೆ. ಕುಣಿಗಲ್‌ನಲ್ಲಿ ಒಂದು ಕಾಂಕ್ರೀಟ್ ಮನೆ ಕೊಂಡೆ. ಕಟ್ಟಿಸಿದಾತ ಇನ್ನೂ ಗಟ್ಟಿಮುಟ್ಟಾಗಿದ್ದ. ಪಿಲ್ಲರ್‌ಗೆ ಜೆಸಿಬಿ ತಾಗಿತಷ್ಟೇ. ರವೆ ಉಂಡೆ ಉದುರಿದ ಹಾಗೆ ಉದುರಿತು. ಅದರಿಂದ ನನಗೆ ಸಿಕ್ಕಿದ್ದು ತುಕ್ಕು ಮತ್ತು ಟ್ರ್ಯಾಕ್ಟರ್ ಬಾಡಿಗೆಯ ಖರ್ಚು.

ಸಿಮೆಂಟಿನದು ಅಂದರೆ ಜನ್ಮಕ್ಕಾಯಿತು ಎಂದುಕೊಂಡಿದ್ದೇವೆ. ಎತ್ತಿಗೆ ಮೇವು, ಬೈಕಿಗೆ ಆಯಿಲ್, ತೆಂಗಿನ ಮರಕ್ಕೆ ಗೊಬ್ಬರ. ಕಾಂಕ್ರೀಟಿಗೆ? ಅದಕ್ಕೇನೂ ಬೇಡವಂತೆ.

ಮುಂದಿನ ವಾರ ಮತ್ತೆ ಷಡ್ಡಕನ ಮನೆಗೆ ಹೋದೆ. ಚೌಕಾಸಿ ಮಾಡುವುದಕ್ಕೆ ಅಲ್ಲ, ಬೇಡಿಕೊಳ್ಳುವುದಕ್ಕೆ.

‘ಮೊದ್ಲು ಪಿಲ್ಲರ್ ರಿಪೇರಿ ಮಾಡ್ಸು ರೇಣುಕಪ್ಪ.’

‘ಮಾಡ್ಸಿ ಆಮೇಲೆ ಊಟಕ್ಕೇನು ಪಿಲ್ಲರ್ ನೆಕ್ಕಾನಾ ಅಣ್ಣ?’

‘ಮಾರ್ಬಿಡು ಹಂಗಾದ್ರೆ. ಸೈಟಿಗಾದ್ರೂ ಬೆಲೆ ಬರುತ್ತೆ.’

‘ಬೀರು ಸರಿಸಿ ತೋರ್ಸಿ ಮಾರ್ಲಾ, ಬೀರು ಅಡ್ಡ ಇಟ್ಟು ಮಾರ್ಲಾ? ಯಾಪಾರದೋರು ನೀವು, ನೀವೇ ಹೇಳಿ.’

ಎರಡಕ್ಕೂ ಎಷ್ಟೆಷ್ಟು ಬರುತ್ತದೆ ಎಂದು ನನಗೆ ಗೊತ್ತಿತ್ತು. ಬೀರು ಸರಿಸಿ ತೋರಿಸಿದರೆ ಬರುವ ದುಡ್ಡಿನಲ್ಲಿ ಈ ಊರಿನಲ್ಲಿ ಇನ್ನೊಂದು ಸೂರು ಸಿಗುವುದಿಲ್ಲ.

ನೀನೇ ಒಂದಿಷ್ಟು ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಡುತ್ತೇನೆ ಎಂದೆ. ರೇಣುಕಪ್ಪ ಕೈ ಮುಗಿದ. ‘ಒಂದ್ಸಲ ಕೊಡ್ತೀರಿ ಅಣ್ಣ. ತಿಂಗ್ಳು ತಿಂಗ್ಳು ಯಾರು ಕೊಡ್ತಾರೆ?’

ಪಂಕಜ ಅದನ್ನೇ ಇನ್ನೂ ಚೂಪಾಗಿ ಕೇಳಿದಳು. ‘ರಿಟೈರಾದ್ಮೇಲೆ ನಿಮ್ಮನೆ ಬಾಗ್ಲಿಗೆ ಬಂದು ಕೂತ್ರೆ ಅಕ್ಕ ಎಷ್ಟ್ ದಿನ ಅನ್ನ ಹಾಕ್ತಾಳೆ ಭಾವ? ಈ ರೋಡಲ್ಲಿ ಎಲ್ರೂ ಹಿಂಗೇ ಮೇಲೆ ಕಟ್ಟವ್ರೆ. ನಮ್ಮದೊಂದೇ ಬಿದ್ದೋಯ್ತದಾ?’

‘ಮೇಲಕ್ಕೆ ಬಾಡಿಗೆಗೆ ಬರೋರು ಮಕ್ಳೊಂದಿಗರು ಕಣಮ್ಮ’ ಎಂದೆ. ‘ಅವ್ರಿಗೆ ಇದೆಲ್ಲ ಹೇಳ್ತೀರಾ?’

ಅದಕ್ಕೆ ರೇಣುಕಪ್ಪ ಕೊಟ್ಟ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ. ಗ್ಯಾರಂಟಿ ಕಾರ್ಡ್ ಕೊಡುವವನ ಹಾಗೆ, ತಣ್ಣಗೆ ಹೇಳಿದ: ‘ಕೆಳಗೆ ನಾವೇ ಇರ್ತೀವಲ್ಲ ಅಣ್ಣ. ಬಿದ್ರೆ ಮೊದ್ಲು ನಮ್ಮ ಮೇಲೇ ಬೀಳೋದು.’

‘ಬಿಡ್ತು ಅನ್ರೀ’ ಎಂದಳು ಪಂಕಜ.

‘ಬಿಡ್ತು’ ಎಂದ ಅವನು.

ಅಲ್ಲಿಗೆ ಮಾತು ಮುಗಿಯಿತು. ಮೂವತ್ತು ಬಗೆಯ ಗಿರಾಕಿಗಳನ್ನು ಬಗ್ಗಿಸಿದ ನನಗೆ ಆ ದಿನ ಒಂದು ಪಟ್ಟೂ ಹೊಳೆಯಲಿಲ್ಲ. ಚೌಕಾಸಿ ಯಾವಾಗ ನಡೆಯುತ್ತದೆ? ಎದುರಿಗಿದ್ದವನಿಗೆ ಎದ್ದು ಹೋಗಲು ಇನ್ನೊಂದು ಅಂಗಡಿ ಇದ್ದಾಗ. ಇವರಿಗೆ ಎಲ್ಲಿತ್ತು? ಮನೆ ಉಳಿಸಿಕೊಂಡರೆ ಅನ್ನವಿಲ್ಲ. ಅನ್ನ ಉಳಿಸಿಕೊಂಡರೆ ಮನೆ ಬೀಳುವುದು ಯಾವತ್ತೋ ಗೊತ್ತಿಲ್ಲ. ಯಾವತ್ತೋ ಎನ್ನುವುದಕ್ಕೆ ಮನುಷ್ಯ ಹೆದರುವುದಿಲ್ಲ. ತಿಂಗಳ ಒಂದನೇ ತಾರೀಕಿಗೆ ಹೆದರುತ್ತಾನೆ.

ಕಾರ್ಪೊರೇಷನ್ನಿಗೆ ಕಂಪ್ಲೇಂಟ್ ಕೊಡಬಹುದಿತ್ತು. ಹೆಂಡತಿಯ ತಂಗಿಯ ಮನೆಯ ಮೇಲೆ ನೀವು ಕೊಡುತ್ತೀರಾ? ನಾನು ಕೊಡಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ. ರೇಣುಕಪ್ಪ ಪತ್ರಿಕೆಯ ಈ ಪುಟವನ್ನು ತಪ್ಪದೆ ಓದುತ್ತಾನೆ. ಮೇಲಿನ ಮನೆಗೆ ಬರಲಿರುವವರೂ ಓದಲಿ ಎಂಬ ಆಸೆ. ಓದಿದರೂ, ಶಿರಾ ಗೇಟ್ ಆಸುಪಾಸಿನಲ್ಲಿ ಅಷ್ಟು ಬಾಡಿಗೆಗೆ ಇನ್ನೊಂದು ಮನೆ ಅವರಿಗೆ ಸಿಗಬೇಕಲ್ಲ.

ಕೆಲಸ ಶುರುವಾಯಿತು. ಗಂಗಣ್ಣನೇ ಮಾಡುತ್ತಿದ್ದಾನೆ. ಹಳೇ ಕಂಬಿಗಳನ್ನು ಬುಡಕ್ಕೆ ಕತ್ತರಿಸಿ, ಪಿಲ್ಲರ್ ತಲೆಗೆ ಡ್ರಿಲ್ ಮಾಡಿ, ತೂತಿಗೆ ಕೆಮಿಕಲ್ ತುಂಬಿ ಹೊಸ ಕಂಬಿ ಕೂರಿಸಿದ. ಪಿಲ್ಲರ್ ಗಟ್ಟಿಯಿದ್ದರೆ ಅದು ಒಳ್ಳೆಯ ವಿಧಾನವೇ. ಪಿಲ್ಲರ್ ಗಟ್ಟಿಯಿದ್ದರೆ. ದಾರಿಯಲ್ಲಿ ಸಿಕ್ಕಿದಾಗ ಬೈಕ್ ನಿಲ್ಲಿಸಿ ನಕ್ಕ. ‘ನಿಮ್ಮ ಮಾತಿಗೆ ಮರ್ವಾದೆ ಕೊಟ್ಟಿದೀನಿ ಸಾರ್. ನೀವು ಕೂರ್ಸಿದ ರೇಟೇ. ಒಂದ್ರೂಪಾಯಿ ಜಾಸ್ತಿ ತಗಂಡಿಲ್ಲ.’

ನಿಮ್ಮ ತಾರಸಿಯಲ್ಲೂ ಕಂಬಿ ಬಿಟ್ಟಿದ್ದರೆ ಇವತ್ತೇ ಹತ್ತಿ ನೋಡಿ. ಬಟ್ಟೆಯ ಹಗ್ಗ ಬಿಚ್ಚಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡಿ. ತುಕ್ಕು ಮೇಲುಮೇಲಿನದಾದರೆ ಉಜ್ಜಿ, ಸಿಮೆಂಟ್ ಹಾಲು ಬಳಿದು, ಸುತ್ತ ಸಿಮೆಂಟ್ ಕಡಿಮೆ ಹಾಕಿದ ಬಡ ಕಾಂಕ್ರೀಟಿನಲ್ಲಿ ಮುಚ್ಚಿಬಿಡಿ. ಬೇಕಾದಾಗ ಒಡೆದುಕೊಳ್ಳಬಹುದು. ಹೇಳುವುದು ನನ್ನ ಚಟ. ಈ ವಾರ ಇದನ್ನು ಮೆಚ್ಚಿ ನಾಲ್ಕು ಜನ ಫೋನ್ ಮಾಡುತ್ತೀರಿ. ಒಬ್ಬರೂ ಮೇಲೆ ಹತ್ತುವುದಿಲ್ಲ. ಅದೂ ಗೊತ್ತು.

ಈ ಭಾನುವಾರ ರೇಣುಕಪ್ಪನ ಮೇಲಿನ ಮನೆಗೆ ಮೋಲ್ಡ್ ಹಾಕುತ್ತಾರೆ. ಮೋಲ್ಡಿನ ದಿನ ಕೆಲಸದವರಿಗೂ ನೆಂಟರಿಗೂ ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ಪಂಕಜ ಅವಳ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದಾಳೆ: ಒಬ್ಬಟ್ಟು ಮಾಡಿಸ್ತೀವಿ, ಭಾವ ಮುನಿಸಿಕೊಂಡು ಬರದೇ ಇದ್ದರೆ ಚೆನ್ನಾಗಿರಲ್ಲ. ಹೆಂಡತಿ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ. ಹೋಗಲೇಬೇಕು. ಮೇಲೆ ಮಿಕ್ಸರ್ ತಿರುಗುತ್ತಾ ಹಸಿ ಕಾಂಕ್ರೀಟ್ ಬುಟ್ಟಿ ಬುಟ್ಟಿ ಬೀಳುತ್ತಿರುವಾಗ, ಕೆಳಗೆ ಹಾಲಿನಲ್ಲಿ ಸಾಲಾಗಿ ಎಲೆ ಹಾಸುತ್ತಾರೆ.

ಆ ಎಲೆಯ ಮುಂದೆ ಕೂತು ನಾನು ಒಬ್ಬಟ್ಟು ನೋಡಲೋ, ಪಿಲ್ಲರ್ ನೋಡಲೋ?