ಕಾಲಲ್ಲಿ ಹುಟ್ಟಿದವಳು

ಹದಿನೈದನೇ ವಯಸ್ಸಿನಲ್ಲಿ ನನಗೆ ಮಾಂತ್ರಿಕ ಶಕ್ತಿ ಇದೆಯೆಂದು ನಂಬಿದ್ದೆ. ಆ ಶಕ್ತಿ ಇದ್ದದ್ದು ನನ್ನ ಎಡಗಾಲಿನಲ್ಲಿ. ನಗುವವರು ನಗಬಹುದು. ನಮ್ಮೂರಿನಲ್ಲಿ ಮಾತ್ರ ಆಗ ಯಾರೂ ನಗುತ್ತಿರಲಿಲ್ಲ.

ನಮ್ಮದು ಚಿನಕುರಳಿಗೆ ಹತ್ತಿರದ ಊರು. ಅಕ್ಕಪಕ್ಕ ಕಲ್ಲು ಕ್ವಾರಿಗಳು. ತೊಂಬತ್ತರ ದಶಕದ ಆ ದಿನಗಳಲ್ಲಿ, ಕಲ್ಲು ಎತ್ತಿ ಸೊಂಟ ಹಿಡಿದುಕೊಂಡವರು ಡಾಕ್ಟರ ಬಳಿ ಹೋಗುವ ಮೊದಲು ನಮ್ಮ ಜಗಲಿಗೆ ಬರುತ್ತಿದ್ದರು. ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂದ ಮಗು ಬೆಳೆದ ಮೇಲೆ ಬೆನ್ನನ್ನು ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆಯದು. ನಾನು ಅಂಥ ಮಗು. ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿಯುವ ಮೊದಲೇ ಅವರು ಬಂದು ಚಾಪೆಯ ಮೇಲೆ ಬೋರಲು ಮಲಗುವರು. ನಾನು ಗೋಡೆ ಹಿಡಿದುಕೊಂಡು ಎಡಗಾಲಲ್ಲಿ ಮೂರು ಸಲ ತುಳಿದು, ದೊಡ್ಡವರಿಗೆ ಕಾಲು ತಾಗಿಸಿದೆನಲ್ಲ ಎಂದು ಅವರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

ಇದಕ್ಕೆಲ್ಲ ಯಜಮಾನಿ ನನ್ನ ಅಪ್ಪನ ತಾಯಿ, ಅಜ್ಜಿ. ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು ಬೈಯುವಳು.

"ಲೇ, ಕಾಲ್ ನೀಟ್ಕೊಂಡ್ ಮಲಿಕ್ಕೊಳ್ಳಾ. ಗಂಡ್ಸಾಗಿ ಇಂಗ್ ಮುಲುಕ್ತೀಯಲ್ಲ! ನಮ್ ಮಗ ತುಳುದ್ರೆ ಊವ ಬಿದ್ದಂಗೆ ಕಣ್ಲಾ."

"ಊವಲ್ಲ ಕಣಜ್ಜಿ, ಕುಂಬ್ಳುಕಾಯಿ ಬಿದ್ದಂಗದೆ" ಎಂದು ಮಲಗಿದವನು ನರಳುವನು.

ನನಗೆ ಇದೊಂದು ಕೆಲಸ, ಅಷ್ಟೆ. ಕೊಟ್ಟಿಗೆ ಗುಡಿಸಿದ ಹಾಗೆ. ಅದು ಮಂತ್ರಶಕ್ತಿಯಾದದ್ದು ಒಂದು ಕಾದಂಬರಿಯಿಂದ.

ಕಾದಂಬರಿ ತಂದುಕೊಟ್ಟವನು ನಮ್ಮ ಹಿಂದಿನ ಬೀದಿಯ ಹುಡುಗ. ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದ. ಅಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ವಾರಕ್ಕೊಂದು ಪುಸ್ತಕ ತಂದು, ತಾನು ಓದಿ, ನನಗೆ ಕೊಡುತ್ತಿದ್ದ. ಯಾಕೆ ಕೊಡುತ್ತೀಯ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ಕಥೆಯ ಹುಡುಗಿಗೆ ಹದಿನಾರು ವರ್ಷ. ಬೆರಳು ತಾಗಿಸಿದರೆ ಬತ್ತಿ ತಾನಾಗಿ ಹತ್ತಿಕೊಳ್ಳುತ್ತದೆ. ತನ್ನ ಶಕ್ತಿ ತಿಳಿದ ದಿನವೇ ಅವಳಿಗೆ ನೆರಳಿಲ್ಲದ ಒಬ್ಬ ಹುಡುಗ ಸಿಗುತ್ತಾನೆ. ಅವಳ ಗುಟ್ಟು ಗೊತ್ತಿರುವುದು ಅವನೊಬ್ಬನಿಗೆ. ಅವಳಿಗೆ ತನ್ನ ಮೇಲೇ ಅನುಮಾನ ಬಂದ ದಿನ ಶಕ್ತಿಯೂ ಹೋಗುತ್ತದೆ, ಅವನೂ ಮಾಯವಾಗುತ್ತಾನೆ. ಒಂದೇ ವಾರದಲ್ಲಿ ಅದನ್ನು ನಾಲ್ಕು ಸಲ ಓದಿದೆ. ಓದಿ ನನ್ನ ಪಾದ ನೋಡಿಕೊಂಡೆ. ಬಿರುಕು ಬಿಟ್ಟ ಹಿಮ್ಮಡಿ. ಆದರೂ ಮೈ ಜುಮ್ಮೆಂದಿತು.

ಪುಸ್ತಕ ವಾಪಸು ಕೊಡುವಾಗ ಅವನು ರೇಗಿಸಿದ.

"ಅವ್ಳು ಬೆಳ್ಳು ತಾಗ್ಸುದ್ರೆ ದೀಪ ಅತ್ಕೊತದೆ. ನೀನ್ ಕಾಲ್ ತಾಗ್ಸುದ್ರೆ ಏನಾಯ್ತದೆ?"

"ನಿನ್ ಬೆನ್ನು ಮುರಿತದೆ. ಓಗು."

ಆ ವಾರವೆಲ್ಲ ನಾನು ಭೂಮಿಯ ಮೇಲೆ ಇರಲಿಲ್ಲ. ಕಥೆಯ ಹುಡುಗಿ ಹುಟ್ಟಿದಾಗ ಸಿಡಿಲು ಬಡಿದಿತ್ತಂತೆ. ನಾನು ಹುಟ್ಟಿದಾಗಲೂ ಏನಾದರೂ ಆಗಿರಲೇಬೇಕಲ್ಲ? ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಮುಂದೆ ಕೂತು, ನಾನು ಹುಟ್ಟಿದ್ದನ್ನು ಹೇಳು ಎಂದು ಪೀಡಿಸಿದೆ.

"ಏನ್ ಏಳದು? ಒಟ್ಟೇಲಿ ಕಾಲ್ ಮುಂದಿತ್ತು. ಮಂಡ್ಯಕ್ ಕರ್ಕೊಂಡೋದ್ರು. ಆಪ್ರೇಷನ್ ಮಾಡಿ ತಗುದ್ರು."

"ಆಪ್ರೇಷನ್ನಾ? ಅಂಗಾರೆ ಕಾಲು ಮೊದ್ಲು ಬರ್ಲಿಲ್ವಾ?"

"ನಂಗೇನ್ ಗೊತ್ತು? ಎಚ್ರ ಇದ್ರಲ್ವಾ ನೋಡಕ್ಕೆ!" ಅವ್ವ ನಕ್ಕಳು. ಆಮೇಲೆ ಅಡುಗೆಮನೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆಪ್ರೇಷನ್ ಅಂತ ನಿಮ್ಮಜ್ಜಿಗೆ ಏಳ್ಬ್ಯಾಡ ಕಣ್ ಮಗ. ನಾನಾಗ ತವ್ರಲ್ಲಿದ್ದೆ, ಅವ್ರಿಗೆ ಗೊತ್ತಿಲ್ಲ. ಎಣ್ಣಾಯ್ತು ಅಂತ ಮೊಕ ಊದ್ಸಿಕೊಂಡು ಮೂರು ದಿನ ನಿನ್ನ ಮುಟ್ನಿಲ್ಲ. ಕಾಲ್ ಮುಂದಿತ್ತು ಅಂತ ನಾನಂದೆ ನೋಡು, ಆಗ ಎತ್ಕೊಂಡ್ರು. ಎತ್ಕೊಂಡೋರು ಇನ್ನೂ ಇಳ್ಸಿಲ್ಲ."

ಹೋದದ್ದು ಮಂತ್ರ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಜ್ಜಿ ನನ್ನನ್ನು ಎತ್ತಿಕೊಂಡದ್ದೇ ಆ ಕಾಲಿಗಾಗಿ. ಕಾಲು ಸುಳ್ಳಾದರೆ ನನ್ನನ್ನು ಇಳಿಸಿಬಿಡುತ್ತಾಳಾ? ಇದೊಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು.

ಅದಾಗಿ ಎರಡು ದಿನಕ್ಕೆ ಆ ಹುಡುಗನೇ ಬಗ್ಗಿಕೊಂಡು ನಮ್ಮ ಜಗಲಿಗೆ ಬಂದ. ಜೊತೆಯಲ್ಲಿ ಅವನ ತಾಯಿ.

"ಉಲ್ಲಿನೊರೆ ಎತ್ತಕ್ಕೋಗಿ ಇಂಗಾಗದೆ ಕಣಜ್ಜಿ. ಓದೋ ಉಡ್ಗುಂಗೆ ಯಾಕ್ಬೇಕಿತ್ತು?" ಎಂದು ಹೇಳಿ ಆಕೆ ಹಾಲು ಹಾಕಲು ಡೈರಿಗೆ ಹೋದಳು.

ಅವನು ಮಲಗಿದ. ಅಜ್ಜಿ ನಿಂತಿದ್ದಳು. ನಾನು ಗೋಡೆ ಹಿಡಿದು ಕಾಲು ಎತ್ತಿದೆ. ಅಲ್ಲಿಯವರೆಗೆ ಎಷ್ಟೋ ಬೆನ್ನು ತುಳಿದವಳು ಆ ಬೆನ್ನಿನ ಮೇಲೆ ಮೊದಲು ಕಾಲ್ಬೆರಳ ತುದಿಯನ್ನಷ್ಟೇ ಊರಿದೆ. ಹೇಗೋ ಮೂರು ಸಲ ತುಳಿದೆ. ಅಷ್ಟರಲ್ಲಿ ಹಿತ್ತಲಲ್ಲಿ ಕರು ಬಿಚ್ಚಿಕೊಂಡು ಓಡಿತು, ಅಜ್ಜಿ ಅದರ ಹಿಂದೆ ಹೋದಳು.

"ನಾನು ಕಾಲಲ್ಲಿ ಉಟ್ಟಿಲ್ಲ" ಎಂದೆ. "ಆಪ್ರೇಷನ್ ಮಾಡಿ ತಗುದಿರದು."

ಅವನು ಚಾಪೆಯಿಂದ ಮುಖ ಎತ್ತಲಿಲ್ಲ. "ಮೂರು ಸಲ ತುಳುದ್ಬುಟ್ಟು ಈಗ್ ಏಳ್ತಿದ್ದೀಯಾ?"

"ನೋವು ಓಯ್ತಾ?"

"ಎಲ್ ಓಯ್ತದೆ? ಜಾಸ್ತಿ ಆಗದೆ."

"ಅಜ್ಜಿಗೆ ಗೊತ್ತಿಲ್ಲ ಕಣೋ. ಗೊತ್ತಾದ್ರೆ..."

ಅಜ್ಜಿ ಕರುವಿನ ಹಗ್ಗ ಹಿಡಿದುಕೊಂಡೇ ಬಂದಳು. "ಎಂಗದ್ಲಾ?"

ಅವನು ಕೈಯೂರಿ ಎದ್ದ. ನೆಟ್ಟಗೆ ನಿಂತ. "ಮಾಯ ಆಗೋಯ್ತು ಕಣಜ್ಜಿ" ಎಂದು ನಕ್ಕ. ಹಣೆಯಲ್ಲಿ ಬೆವರಿತ್ತು. ಮೆಟ್ಟಿಲಿಳಿದು, ಬೀದಿಯುದ್ದಕ್ಕೂ ಕಂಬದ ಹಾಗೆ ನೆಟ್ಟಗೆ ನಡೆದ. ಡೈರಿಯ ತಿರುವಿನಲ್ಲಿ ಗೋಡೆ ಹಿಡಿದು ನಡು ಬಗ್ಗಿಸಿ ನಿಂತುಬಿಟ್ಟ. ಅಜ್ಜಿಗೆ ಅಷ್ಟು ದೂರ ಕಣ್ಣು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಮೂರು ದಿನದ ಮೇಲೆ ಅವನ ತಾಯಿ ಬಂದು ಹೇಳಿದಳು: "ನಿಮ್ ಮೊಮ್ಮಗ್ಳು ತುಳುದ್ಮೇಲೆ ಚೆನ್ನಾಗಿದ್ನಂತೆ ಕಣಜ್ಜಿ. ಆಮೇಲೆ ಸೈಕಲ್ಲಿಂದ ಬಿದ್ದು ಮತ್ತೆ ನೋಯಿಸ್ಕೊಂಡವ್ನೆ. ಆಸ್ಗೆ ಬುಟ್ ಏಳಕ್ಕಾಯ್ತಿಲ್ಲ."

ಅವನ ಸೈಕಲ್ಲು ಮೂರು ದಿನದಿಂದಲೂ ಅವರ ಕೊಟ್ಟಿಗೆಯ ಗೋಡೆಗೆ ಒರಗಿಯೇ ಇತ್ತು. ದಿನಾ ಸ್ಕೂಲಿಗೆ ಹೋಗುವಾಗ ನೋಡುತ್ತಿದ್ದೆ.

ಗುಟ್ಟು ತಿಳಿದ ಹುಡುಗ ಅಂದರೆ ಎಷ್ಟು ಚಂದ ಎಂದುಕೊಂಡಿದ್ದೆ, ಓದುವಾಗ. ಇಲ್ಲಿ ಅವನು ಹಾಸಿಗೆ ಹಿಡಿದಿದ್ದ, ನನ್ನ ಸುಳ್ಳಿನ ಜೊತೆಗೆ ತನ್ನದೊಂದು ಸುಳ್ಳನ್ನೂ ಸೇರಿಸಿ ಹೊತ್ತಿದ್ದ. ಇನ್ನು ನನ್ನ ಕೈಲಿ ತಡೆಯಲು ಆಗಲಿಲ್ಲ. ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವನು ಬೀಳಲಿಲ್ಲ ಎಂಬುದನ್ನೂ. ಅಜ್ಜಿ ಮೂರು ದಿನ ನನ್ನನ್ನು ಮುಟ್ಟಲಿಲ್ಲ ಎಂದ ಅವ್ವನ ಮಾತನ್ನು ಮಾತ್ರ ಬಿಟ್ಟೆ.

ಅಜ್ಜಿ ರಾಗಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. ಆಮೇಲೆ, "ಒಟ್ಟೆ ಒಳ್ಗೆ ಕಾಲೇ ತಾನೆ ಮುಂದಿದ್ದದ್ದು?" ಎಂದಳು.

"ಊಂ."

"ಬಾಕ್ಲು ಬುಟ್ಟು ಕಿಟ್ಕೀಲಿ ಬಂದೆ, ಅಷ್ಟೆ ತಾನೆ."

ಮತ್ತೆ ಕೇರತೊಡಗಿದಳು. ನನ್ನನ್ನು ಇಳಿಸುತ್ತಾಳೋ ಇಲ್ಲವೋ ನನಗೆ ಇನ್ನೂ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕ್ವಾರಿಯವನೊಬ್ಬ ಸೊಂಟ ಹಿಡಿದುಕೊಂಡು ಬಂದ. ಅಜ್ಜಿ ಚಾಪೆ ಹಾಸಲಿಲ್ಲ. ನನ್ನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು.

"ತುಳಿತೀಯಾ ಮಗ, ಬ್ಯಾಡ್ವಾ?"

"ಬ್ಯಾಡ" ಎಂದೆ.

"ಪಾಂಡವಪುರಕ್ಕೋಗಿ ಡಾಕ್ಟ್ರಿಗೆ ತೋರ್ಸು ಕಣ್ಲಾ" ಎಂದು ಅವನಿಗೆ ಹೇಳಿದಳು. "ನಮ್ ಮಗೀಗೆ ಓದದು ಅದೆ."

ಅವನು ಗೊಣಗಿಕೊಂಡು ಹೋದ. ಅಜ್ಜಿ ಒಳಗಿನಿಂದ ಕಾಫಿ ತಂದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಲೋಟದಿಂದ ಅರ್ಧವನ್ನು ನನ್ನ ಲೋಟಕ್ಕೆ ಬಗ್ಗಿಸಿದಳು.