ಬಾಯಲ್ಲಿ ಮೊಳೆ ಇರುವಾಗ

ಶಾಲೆಗೆ ಸೇರಿದ ಮೇಲೂ ಬಹಳ ದಿನ ಗುಂಡ, ತನ್ನ ಅಮ್ಮನಿಗೆ ಒಂದು ಕಾಲದಲ್ಲಿ ಮೂರು ಕೈ ಇತ್ತೆಂದೇ ನಂಬಿದ್ದ. ತಪ್ಪು ಅವನದಲ್ಲ, ಗೋಡೆಯ ಮೇಲಿನ ಫೋಟೋದ್ದು. ಅದರಲ್ಲಿ ಎರಡು ಜಡೆಯ ಪುಟ್ಟ ಅಮ್ಮನ ಎರಡೂ ಕೈ ಮಡಿಲಲ್ಲಿದ್ದವು. ಇನ್ನೊಂದು ಭುಜದ ಮೇಲೆ ಕೂತಿತ್ತು. ಆ ಕೈಯ ಮೊಣಕೈಯಿಂದಾಚೆಗೆ ಫೋಟೋನೇ ಇರಲಿಲ್ಲ, ಯಾರೋ ನೀಟಾಗಿ ಕತ್ತರಿಸಿದ್ದರು. ಹಾಲುಹಲ್ಲಿನ ಹಾಗೆ ಅದೂ ಉದುರಿಹೋಗಿರಬೇಕು ಎಂದು ಅವನು ತೀರ್ಮಾನಿಸಿ, ತರಗತಿಯಲ್ಲಿ ಎದ್ದುನಿಂತು ಹೇಳಿಯೂ ಬಿಟ್ಟ.

ಎಲ್ಲರ ಬಾಯಿಗೆ ಸಿಕ್ಕಿ ಅಳುತ್ತ ಮನೆಗೆ ಬಂದರೆ, ಅಮ್ಮ ತುಟಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಅಂಗಿಗೆ ತೋಳು ಕೂರಿಸುತ್ತಿದ್ದಳು. ಅಮ್ಮನ ಬಾಯಲ್ಲಿ ಪಿನ್ನಿದ್ದಾಗ ಅವಳನ್ನು ಮಾತಾಡಿಸಕೂಡದು. ಅದು ಆ ಮನೆಯ ಕಾನೂನು. ಅವನು ಅಳುವನ್ನು ಅರ್ಧಕ್ಕೇ ಹಿಡಿದು ನಿಂತ. ಪಿನ್ನು ಮುಗಿದ ಮೇಲೆ ಅಮ್ಮ ಹೇಳಿದ್ದಿಷ್ಟು: "ಅದು ನಿನ್ನ ದೊಡ್ಡಮ್ಮನ ಕೈ. ಅವಳ ಸುದ್ದಿ ಎತ್ತಬೇಡ." ಮತ್ತೆ ಪಿನ್ನು ತುಂಬಿಕೊಂಡಳು.

ಗುಂಡ ದೊಡ್ಡವನಾದ. ಹೆಸರಿಗೆ ಗುಂಡ, ನೋಡಲು ಅಳತೆ ಕಡ್ಡಿ. ವಾಷಿಂಗ್ ಮಷೀನ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು: ಕೆಟ್ಟ ಮಷೀನಿನವರು ಫೋನ್ ಮಾಡಿ ಬೈಯುತ್ತಾರೆ, ಇವನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕ್ಷಮಿಸಿ ಎನ್ನುತ್ತಾನೆ. ದಿನವಿಡೀ ತಾನು ಮಾಡದ ತಪ್ಪಿಗೆ ಕ್ಷಮೆ ಕೇಳಿ ತಿಂಗಳ ಕೊನೆಗೆ ಸಂಬಳ ಎಣಿಸುವ ಈ ಬದುಕಿನಲ್ಲಿ, ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಅವನಿಗೆ ಬರುತ್ತಿತ್ತು.

ಹೀಗಿರುವಾಗ ಅಮ್ಮನಿಗೆ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಸೇರಿಸಿದರೆ, ಪಿತ್ತಕೋಶ ಬಾತಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕು ಎಂದರು. ಮಧ್ಯಾಹ್ನ ಅರಿವಳಿಕೆ ಡಾಕ್ಟರು ಬಂದು, "ಮನೆಯಲ್ಲಿ ಯಾರಿಗಾದರೂ ಮತ್ತು ಕೊಟ್ಟಾಗ ತೊಂದರೆ ಆಗಿತ್ತಾ?" ಎಂದು ಕೇಳಿದರು.

"ಇಲ್ಲ," ಎಂದಳು ಅಮ್ಮ.

"ತಂದೆ, ತಾಯಿ?"

"ಅಪ್ಪನ್ನ ಅಕ್ಕ ಆಸ್ಪತ್ರೆಗೆ ಎಳ್ಕೊಂಡು ಹೋದ್ಲು. ವಾಪಸ್ ಕರ್ಕೊಂಡು ಬರಲಿಲ್ಲ."

"ಏನಾಗಿತ್ತು?"

"ನಾನು ಆಗ ಚಿಕ್ಕೋಳು. ಗೊತ್ತಿಲ್ಲ."

ಡಾಕ್ಟರು ಗುಂಡನನ್ನು ಹೊರಗೆ ಕರೆದರು. "ಮತ್ತು ಮೈಗೆ ಒಗ್ಗದಿರೋದು ರಕ್ತದಲ್ಲಿ ಬರೋದೂ ಉಂಟು. ನಿಮ್ಮ ತಾತ ಹೇಗೆ ಹೋದರು ಅಂತ ಸಂಜೆಯೊಳಗೆ ತಿಳ್ಕೊಂಡು ಬನ್ನಿ. ಆಪರೇಷನ್ ಮುಂದೂಡೋಣ ಅಂದ್ರೆ ಪಿತ್ತಕೋಶ ಒಳಗೇ ಒಡೆದುಹೋಗುತ್ತೆ."

ತಿಳಿದವಳು ಒಬ್ಬಳೇ, ಫೋಟೋದಾಚೆಗೆ ಹೋದವಳು. ಅಮ್ಮನಿಗೆ ದಾರ ಮಾರುವ ಅಂಗಡಿಯವನೇ ದೊಡ್ಡಮ್ಮನಿಗೂ ದಾರ ಮಾರುತ್ತಿದ್ದ. ಅಕ್ಕತಂಗಿಯರ ಸುದ್ದಿ ಇಬ್ಬರಿಗೂ ದಾಟಿಸದೆ ವ್ಯಾಪಾರ ಉಳಿಸಿಕೊಂಡ ಜಾಣ. "ನಾನು ಹೇಳಿದೆ ಅನ್ನಬೇಡಪ್ಪ," ಎನ್ನುತ್ತಲೇ ದಾರಿ ಹೇಳಿದ.

ಊರಿನ ಆಚೆ ತುದಿ. ಹಳೆ ಗೋದಾಮಿನ ಪಕ್ಕ ತಗಡಿನ ಶೆಡ್ಡು. ಒಳಗೆ ಹೊಟ್ಟೆ ಬಗೆದ ಸೋಫಾಗಳು, ಸ್ಪ್ರಿಂಗು ಕಿತ್ತ ಕುರ್ಚಿಗಳು, ಹತ್ತಿ, ಸ್ಪಂಜು, ಅಂಟಿನ ವಾಸನೆ. ನಡುವೆ ಕ್ಷೌರದಂಗಡಿಯ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು ಬಿಳಿಗೂದಲ ಹೆಂಗಸೊಬ್ಬಳು ಮೊಳೆ ಹೊಡೆಯುತ್ತಿದ್ದಳು. ಸಣ್ಣ ಕಪ್ಪು ಮೊಳೆಗಳು ಅವಳ ಬಾಯೊಳಗೆ. ನಾಲಿಗೆ ಒಂದನ್ನು ತುಟಿಗೆ ತಂದಿಡುತ್ತಿತ್ತು, ಸುತ್ತಿಗೆಯ ಅಯಸ್ಕಾಂತ ಅದನ್ನು ಕಚ್ಚುತ್ತಿತ್ತು, ಟಪ್. ಎಡಗೈ ಕುರ್ಚಿಗೆ ಹೊದಿಸುವ ಚರ್ಮವನ್ನು ಬಿಗಿ ಹಿಡಿದೇ ಇತ್ತು.

ಗುಂಡ ಬಾಯಿ ತೆರೆದವನು ಹಾಗೆಯೇ ಮುಚ್ಚಿದ.

ಹೋಟೆಲಿನವನೊಬ್ಬ ಬಂದು, "ಅಕ್ಕಾ, ನಮ್ಮ ಬೆಂಚು ಈ ಜನ್ಮದಲ್ಲಿ ಆಗುತ್ತಾ?" ಎಂದ. ಅವಳು ಸುತ್ತಿಗೆಯಿಂದ ಬೀದಿ ತೋರಿಸಿದಳು. ಇನ್ನೊಬ್ಬ ಬಂದು ಬಣ್ಣದ ಬಗ್ಗೆ ತಕರಾರು ತೆಗೆದು, ಉತ್ತರ ಬಾರದೆ ಗೊಣಗುತ್ತ ಹೋದ. ಬಾಯಿ ಖಾಲಿಯಾಗುತ್ತಿದೆ ಅನ್ನುವಾಗ ಅವಳು ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ತುಂಬಿಕೊಂಡಳು. ಶೆಡ್ಡಿನೊಳಗಿನ ಬೆಳಕು ಗೋಡೆ ಹತ್ತತೊಡಗಿತ್ತು. ಸಂಜೆ ಡಾಕ್ಟರು ಹೊರಟುಹೋಗುತ್ತಾರೆ. ಮಾತೇ ಹೊಟ್ಟೆಪಾಡಾದರೂ ಗುಂಡನಿಗೆ ತುಟಿ ಬಿಚ್ಚಲಾಗಲಿಲ್ಲ. ಚಿಕ್ಕಂದಿನ ಕಾನೂನು ಮೈಗೆ ಅಂಟಿಬಿಟ್ಟಿತ್ತು.

ಅವಳು ಇದ್ದಕ್ಕಿದ್ದಂತೆ ಉಳಿದ ಮೊಳೆಗಳನ್ನೆಲ್ಲ ಅಂಗೈಗೆ ಉಗಿದಳು.

"ಆಗಿಂದ ಕಂಬದ ಹಾಗೆ ನಿಂತಿದೀಯ. ಕೆಮ್ಮಲೂ ಇಲ್ಲ. ಬಂದೋರೆಲ್ಲ ನನಗೆ ಮೊಳೆ ನುಂಗಿಸೋಕೇ ಬರ್ತಾರೆ." ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೀಗೆ ಕಾಯೋದು ಕಲಿಸಿದ್ದು ನಮ್ಮಪ್ಪ. ನಮ್ಮಿಬ್ಬರು ಅಕ್ಕತಂಗೀರಿಗೆ ಮಾತ್ರ. ಅವಳ ಮಗನಾ?"

"ಹೌದು."

"ಅವಳು ಕಳಿಸಿದ್ಲಾ?"

ಹೌದು ಅಂದರೆ ಕೆಲಸ ಸಲೀಸು. ಕಂಪನಿಯವರಾಗಿದ್ದರೆ ಅದನ್ನೇ ಹೇಳು ಎನ್ನುತ್ತಿದ್ದರು. "ಇಲ್ಲ. ಗೊತ್ತಾದ್ರೆ ಚರ್ಮ ಸುಲೀತಾಳೆ," ಎಂದ ಗುಂಡ.

"ಸುಲಿದರೆ ತಂದುಕೊಡು, ಒಂದು ಸ್ಟೂಲಿಗಾಗುತ್ತೆ." ಅವಳು ನಗಲಿಲ್ಲ.

ಅವನು ಒಂದೇ ಉಸಿರಿಗೆ ಒದರಿದ: ಆಸ್ಪತ್ರೆ, ನಾಳೆ, ಡಾಕ್ಟರು ಕೇಳಿದ್ದು. "ತಾತ ಹೇಗೆ ಹೋದ್ರು, ದೊಡ್ಡಮ್ಮ?"

ಮೊಳೆಯ ಅಂಗೈ ಮತ್ತೆ ಬಾಯಿಯ ಕಡೆಗೆ ಏರಿತು. ಬಾಯಿ ತುಂಬಿದರೆ ಮುಗಿಯಿತು, ಮತ್ತೆ ಕೇಳುವ ಹಾಗಿಲ್ಲ.

"ಊರಿಗೆಲ್ಲ ಹೇಳಿದಾಳಲ್ಲ ಅವಳು. ತನ್ನ ಮದುವೆ ದಿನ, ಅಷ್ಟು ಜನರ ಮುಂದೆ. ಅಪ್ಪನ್ನ ಕೊಂದೋಳು ಅಂತ. ಅಪ್ಪ ಸತ್ತ ವಾರವೇ ಈ ಸುತ್ತಿಗೆ ಹಿಡಿದೆ ನಾನು. ಗಂಡಸರು ಬಂದು 'ಮಿಸ್ತ್ರಿ ಎಲ್ಲಿ' ಅಂತ ನನ್ನ ತಲೆ ಮೇಲಿಂದ ನೋಡೋರು. ಅವಳ ಮದುವೆಗೆ ಉಟ್ಟ ಬಟ್ಟೇನೂ ಈ ಮೊಳೆಯಿಂದಾನೇ ಬಂದದ್ದು."

"ಯಾರದು ತಪ್ಪು ಅಂತ ಕೇಳೋಕೆ ಬಂದಿಲ್ಲ ನಾನು. ಮತ್ತು ಕೊಟ್ಟಾಗ ಏನಾಯ್ತು, ಅಷ್ಟು ಹೇಳಿ."

ಕೈ ಗಲ್ಲದ ಹತ್ತಿರವೇ ನಿಂತಿತು. ಹೊರಗೆ ಲಾರಿಯೊಂದು ಹಿಂದಕ್ಕೆ ಸರಿದು, ತಿರುಗಿ ಹೋಯಿತು.

"ಸೋಫಾ ಎತ್ತಿ ಎತ್ತಿ ಹರ್ನಿಯಾ ಆಗಿತ್ತು. ಬರಲ್ಲ ಅಂದ್ರು, ನಾನೇ ಎಳ್ಕೊಂಡು ಹೋದೆ. ಕತ್ತರಿ ಇನ್ನೂ ಮುಟ್ಟಿಸಿರಲಿಲ್ಲ. ಮೂಗಿಗೆ ಮದ್ದು ಹಿಡಿದ ಸ್ವಲ್ಪ ಹೊತ್ತಿಗೇ ದವಡೆ ಕಚ್ಚಿಕೊಂಡಿತಂತೆ, ಮೈ ಹಲಗೆ ಆಯ್ತಂತೆ. ಹೊರಗೆ ತಂದಾಗ ಮುಟ್ಟಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು. ಸತ್ತೋರ ಮೈ ತಣ್ಣಗಿರುತ್ತೆ ಅಂತಾರೆ. ಅಪ್ಪಂದು ಸುಡ್ತಿತ್ತು."

ಗುಂಡ ಫೋನ್ ತೆಗೆದು ಡಾಕ್ಟರಿಗೆ ಹಚ್ಚಿದ. ದೊಡ್ಡಮ್ಮ ಫೋನನ್ನು ಅವನ ಕೈಯಿಂದ ಕಿತ್ತುಕೊಂಡು, ಅದೇ ಮಾತನ್ನು ಒಂದಕ್ಷರ ಬಿಡದೆ ಡಾಕ್ಟರಿಗೆ ಹೇಳಿದಳು. "ಈ ಮಾತು ಗೊತ್ತಿಲ್ಲದೆ ನಾಳೆ ಅದೇ ಜಾತಿಯ ಮದ್ದು ಕೊಡ್ತಿದ್ದೆ," ಎಂದರು ಡಾಕ್ಟರು. "ಬೇರೆ ಇದೆ. ಅದನ್ನೇ ಕೊಡ್ತೀನಿ."

ಬೆಳಿಗ್ಗೆ ಅಮ್ಮನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಗುಂಡ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದ. ಪಕ್ಕದ ಕುರ್ಚಿ ಕಿರುಗುಟ್ಟಿತು. ದೊಡ್ಡಮ್ಮ. ಕೂತವಳು ಸೀಟಿನ ಅಂಚನ್ನು ಬೆರಳಿಂದ ಒತ್ತಿ ನೋಡಿ, "ಹೊಟ್ಟು ತುಂಬಿದಾನೆ, ಕಳ್ಳ," ಎಂದಳು.

ಅಮ್ಮ ಬದುಕಿ ಹೊರಬಂದಳು. ಮಧ್ಯಾಹ್ನ ವಾರ್ಡಿನಲ್ಲಿ ಕಣ್ಣುಬಿಟ್ಟಾಗ ಹಾಸಿಗೆಯ ಕಾಲ ಬಳಿ ಅಕ್ಕ ನಿಂತಿದ್ದಳು. ಗುಂಡ ತಾತನ ಕಥೆಯನ್ನು ಅಮ್ಮನಿಗೆ ತಡವರಿಸುತ್ತ ಹೇಳಿ ಮುಗಿಸಿದ. ಅಮ್ಮ ಮೇಲಿನ ಫ್ಯಾನನ್ನೇ ನೋಡಿದಳು. ತಿರುಗಿದಾಗ ದನಿಯಲ್ಲಿ ಇನ್ನೂ ಹಳೆಯ ಸಿಟ್ಟೇ ಇತ್ತು, ಆದರೆ ಅದಕ್ಕೆ ಹೋಗಲು ಜಾಗವಿರಲಿಲ್ಲ.

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ನೀನು?"

"ನೀನು ಕೇಳ್ಲೇ ಇಲ್ಲ," ಎಂದಳು ದೊಡ್ಡಮ್ಮ. "ಬೈದೆ, ಅಷ್ಟೆ."